ಮೇನ್ ಆರಿಸಿದರೂ ಕರೆಂಟಿರುವ ಮನೆ

ಸುಹಾಸ,

ಇನ್ವರ್ಟರ್ ವೈರಿಂಗಿಗೆ ನೀನು ಬರೆದ ನಕ್ಷೆ ನೋಡಿದೆ. ತೀರ್ಥಹಳ್ಳಿ ಕಡೆಯ ಮಳೆಗಾಲಕ್ಕೆ ನಿನ್ನ ಯೋಚನೆ ಸರಿಯಾಗಿಯೇ ಇದೆ. ಆಷಾಢದಲ್ಲಿ ಬಿಸಿಲನ್ನು ನಂಬುವಂತಿಲ್ಲ, ಮರ ಬಿದ್ದರೆ ಲೈನನ್ನೂ ನಂಬುವಂತಿಲ್ಲ. ಸೋಲಾರ್ ಸಾಲದಾದಾಗ ಲೈನಿನಿಂದ ಬ್ಯಾಟರಿ ತುಂಬಿಸಿಕೊಳ್ಳುವ ಇನ್ವರ್ಟರೇ ಅಲ್ಲಿಗೆ ಬೇಕು. ಆದರೆ ಒಂದು ಗೆರೆ ಹೊಡೆದುಹಾಕಿದ್ದೇನೆ. ಇನ್ವರ್ಟರಿನ ಔಟ್‌ಪುಟ್ಟನ್ನು ಹಳೇ ಮೀಟರ್ ಬೋರ್ಡಿಗೇ ತಂದು ಸೇರಿಸಿದ್ದೀಯಲ್ಲ, ಅದು.

ಆಫ್‌ಗ್ರಿಡ್ ಇನ್ವರ್ಟರಿಗೆ ಲೈನಿನಿಂದ ಕರೆಂಟು ಬರಬಹುದು; ಅದರಿಂದ ಲೈನಿಗೆ ಹೋಗಕೂಡದು. ಟಿಸಿ, ಅಂದರೆ ಬೀದಿಯ ಟ್ರಾನ್ಸ್‌ಫಾರ್ಮರ್, ಹಿಂದುಮುಂದಾಗಿಯೂ ಕೆಲಸ ಮಾಡುತ್ತದೆ. ಮನೆಯ 230 ವೋಲ್ಟ್ ಅತ್ತ ನುಗ್ಗಿದರೆ 11,000 ವೋಲ್ಟಿನ ತಂತಿಗೂ ಜೀವ ಬರಬಹುದು, ಕಂಬ ಹತ್ತಿದ ಲೈನ್‌ಮನ್‌ಗೆ ಅದು ಗೊತ್ತಿರುವುದಿಲ್ಲ.

ಅದಕ್ಕೇ ಇನ್ವರ್ಟರಿಗೆ ಬೇರೆಯೇ ಬೋರ್ಡು ಹಾಕಿಸು. ದೀಪ, ಫ್ಯಾನು, ಫ್ರಿಜ್ಜು ಅದರ ಮೇಲಿರಲಿ. ಗೀಸರ್, ಬಾವಿ ಮೋಟರು ಹಳೇ ಬೋರ್ಡಿನಲ್ಲೇ ಉಳಿಯಲಿ. ಫೇಸ್ ಮಾತ್ರ ಬೇರೆ ಮಾಡಿ, "ನ್ಯೂಟ್ರಲ್ ಎಲ್ಲಾ ಒಂದೇ ಸ್ವಾಮಿ" ಎನ್ನುವವರು ಸಿಗುತ್ತಾರೆ. ಕೇಳಬೇಡ. ನಮ್ಮ ಹಳೇ ಮನೆಗಳಲ್ಲಿ ಒಂದೇ ನ್ಯೂಟ್ರಲ್ ಅಟ್ಟದಿಂದ ಕೊಟ್ಟಿಗೆವರೆಗೆ ಓಡಿರುತ್ತದೆ. ಅದನ್ನು ಬೇರ್ಪಡಿಸದಿದ್ದರೆ ಶಾಕಿನಿಂದ ಕಾಯುವ ಆರ್‌ಸಿಸಿಬಿ ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆ. ಬೇಸತ್ತು ಯಾರೋ ಅದನ್ನೇ ಕಿತ್ತುಹಾಕುತ್ತಾರೆ! ಬ್ಯಾಟರಿಯಲ್ಲಿ ಓಡುವಾಗ ನ್ಯೂಟ್ರಲ್ಲನ್ನು ಅರ್ಥಿಂಗಿಗೆ ಎಲ್ಲಿ ಕೂಡಿಸಬೇಕು ಎಂಬುದು ಒಂದೊಂದು ಮಾಡೆಲ್ಲಿಗೆ ಒಂದೊಂದು ಥರ. ಕೆಲವು ಒಳಗೇ ಕೂಡಿಸಿಕೊಳ್ಳುತ್ತವೆ. ಮ್ಯಾನುವಲ್ ಓದಿಯೇ ಮುಂದುವರಿ.

ಬ್ಯಾಟರಿ 24 ವೋಲ್ಟ್ ತಾನೇ, ಶಾಕ್ ಹೊಡೆಯುವುದಿಲ್ಲ ಎಂದು ಬರೆದಿದ್ದೀಯ. ಭಯ ಶಾಕಿನದಲ್ಲ ಮಾರಾಯ. 3,000 ವ್ಯಾಟ್ ಎಳೆದಾಗ ಮನೆಯ ವೈರಿನಲ್ಲಿ 13 ಆಂಪಿಯರ್ ಹರಿದರೆ ಬ್ಯಾಟರಿ ಕೇಬಲ್ಲಿನಲ್ಲಿ 125ಕ್ಕೂ ಹೆಚ್ಚು. ಕೈಜಾರಿದ ಸ್ಪ್ಯಾನರು ಎರಡೂ ಟರ್ಮಿನಲ್ಲಿಗೆ ತಾಗಿದರೆ ಕಾದು ಕೆಂಪಾಗುತ್ತದೆ. ಹೊಸ ನಿಶ್ಚಿತಾರ್ಥದ ಉಂಗುರ ಮೊದಲು ಬಿಚ್ಚಿಡು, ಅವಳೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಪ್ಲಸ್ ಟರ್ಮಿನಲ್ಲಿನ ಪಕ್ಕದಲ್ಲೇ ಡಿಸಿಗೆಂದೇ ಮಾಡಿದ ಫ್ಯೂಸ್ ಇರಬೇಕು. ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಬಾರಿ ಸೊನ್ನೆಗೆ ಇಳಿಯುವುದರಿಂದ ಕಿಡಿ ಆರಲು ಎಡೆ ಸಿಗುತ್ತದೆ. ಡಿಸಿಯಲ್ಲಿ ಆ ಎಡೆಯೇ ಇಲ್ಲ. ಮನೆಗೆ ಹಾಕುವ ಮಾಮೂಲಿ ಎಂಸಿಬಿ ಅಲ್ಲಿ ನಡೆಯದು.

ಲೈನ್ ಚಾರ್ಜಿಂಗ್ ಅನ್ನು 150 ಎಎಚ್ ಲೆಡ್ ಆ್ಯಸಿಡ್ ಬ್ಯಾಟರಿಗೆ 15 ಆಂಪಿಯರ್ ಆಸುಪಾಸು ಇಡು, ಅವಸರ ಬೇಡ. ಬ್ಯಾಟರಿಯನ್ನು ಮೆಟ್ಟಿಲ ಕೆಳಗಿನ ಮುಚ್ಚಿದ ಗೂಡಿಗೆ ತುರುಕಬೇಡ. ಚಾರ್ಜಾಗುವಾಗ ಹೈಡ್ರೋಜನ್ ಬಿಡುತ್ತದೆ, ಗಾಳಿಯಾಡಬೇಕು.

ಕೆಲಸವನ್ನು ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಕೈಯಲ್ಲೇ ಮಾಡಿಸು, ನೀನು ಪಕ್ಕದಲ್ಲಿ ನಿಂತು ನೋಡು. ಮೇನ್ ಆಫ್ ಮಾಡಿದರೂ ಇನ್ವರ್ಟರ್ ಕರೆಂಟು ಇರುತ್ತದೆ ಎಂದು ಬೋರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಬರೆಸು. ಬ್ಯಾಟರಿ ಐಸೊಲೇಟರ್ ಎಲ್ಲಿದೆ, ಹೇಗೆ ತಿರುಗಿಸಬೇಕು ಅಂತ ನಿನ್ನಮ್ಮನಿಗೂ ತೋರಿಸು. ತಿದ್ದಿದ ನಕ್ಷೆ ಜೊತೆಗಿದೆ.

ನಿನ್ನ ದೊಡ್ಡಪ್ಪ