ದೋಷದಿಂದ ತೊಡಗುವ ಪಾಠ

ದಂಡೋತಿಯ ಬಳಿ ಹರಿಯುವ ಕಾಗಿಣಾ ನದಿಯ ದಡವಿಡಿದು ಮೇಲಕ್ಕೆ ನಡೆದರೆ ಮಳಖೇಡ ಸಿಗುತ್ತದೆ. ಅದೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಶ್ರೀವಿಜಯನು 'ಕವಿರಾಜಮಾರ್ಗ'ವನ್ನು ರಚಿಸಿದನು. ಕನ್ನಡದಲ್ಲಿ ಇಂದು ದೊರೆಯುವ ಗ್ರಂಥಗಳಲ್ಲಿ ಇದೇ ಮೊದಲನೆಯದು.

ಸಂಸ್ಕೃತದ ದಂಡಿಯು ತನ್ನ 'ಕಾವ್ಯಾದರ್ಶ'ದಲ್ಲಿ ದೋಷವಿಚಾರವನ್ನು ಕೊನೆಗೆ ಇರಿಸಿದ್ದನು. ಅವನನ್ನು ಬಹುಮಟ್ಟಿಗೆ ಅನುಸರಿಸಿದ ಶ್ರೀವಿಜಯನಾದರೋ ಅದನ್ನು ಮೊದಲ ಪರಿಚ್ಛೇದಕ್ಕೇ ತಂದನು; ಅಲಂಕಾರಗಳ ಪಾಠ ಆಮೇಲಿನದು. ತಪ್ಪಿದ ಪದ್ಯವನ್ನು ಕೊಟ್ಟು, ಅದು ಕೆಟ್ಟುದೇಕೆಂದು ತಿಳಿಸಿ, ತಿದ್ದಿದ ರೂಪವನ್ನು ತೋರಿಸುವುದು ಆತನ ಕ್ರಮ. ಕೆಟ್ಟ ಪದ್ಯವನ್ನು ಆತನು ಮರೆಮಾಡಲಿಲ್ಲ. ಆದುದರಿಂದಲೇ ಅದು ಸಾವಿರ ವರ್ಷಗಳಾಚೆಗೂ ಪಾಠ ಹೇಳುತ್ತಿದೆ.

ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ಕಾಣಲಾರದಂತೆ ಮನುಷ್ಯನು ತನ್ನ ದೋಷವನ್ನು ತಾನೇ ಕಾಣಲಾರನೆಂಬ ಭಾವವೂ ಆ ಗ್ರಂಥದಲ್ಲಿದೆ. ಗುರುವಿನ ಅಗತ್ಯ ತೋರುವುದು ಇಲ್ಲಿಯೇ. ಕೆಂಪು ಗೆರೆಯೆಳೆದು ಉತ್ತರಪತ್ರಿಕೆಯನ್ನು ಮರಳಿಸಿದರೆ ಅರ್ಧ ಕೆಲಸವಷ್ಟೇ ಆಯಿತು. ಆ ಅರ್ಧಕ್ಕೇ ನಿಂತ ಪಾಠದಿಂದ 'ಅನುತ್ತೀರ್ಣ'ನೆನಿಸಿಕೊಂಡ ಬಾಲಕನು ಪಾಟಿಚೀಲವನ್ನು ಗೂಟಕ್ಕೆ ತೂಗುಹಾಕಿ ತೊಗರಿಯ ಹೊಲಕ್ಕೋ ಶಹಾಬಾದ ಕಲ್ಲಿನ ಗಣಿಗೋ ಹೊರಟುಬಿಡಬಹುದು.

ಸೋಲು ತಾನಾಗಿ ಏನನ್ನೂ ಕಲಿಸದು. ಕಾರಣ ತಿಳಿದ ಸೋಲು ಮಾತ್ರವೇ ವಿದ್ಯೆಯಾಗುತ್ತದೆ. ತಪ್ಪಿದ ವಾಕ್ಯದ ಪಕ್ಕದಲ್ಲಿ ತಿದ್ದಿದ ವಾಕ್ಯವನ್ನು ಬಾಲಕನ ಕೈಯಿಂದಲೇ ಬರೆಯಿಸುವ ತಾಳ್ಮೆ ಅಧ್ಯಾಪಕರಲ್ಲಿರಲಿ. ದಾನಿಗಳು ಕಟ್ಟಿಸಿಕೊಟ್ಟ ಕೊಠಡಿಯಲ್ಲಿ, ಪ್ರಥಮ ಶ್ರೇಣಿಯವನಿಗೆ ಇರುವಂತೆಯೇ, ಸೋತು ಮರಳಿ ಬಂದವನಿಗೂ ಒಂದು ಸ್ಥಳವಿರಲಿ.