ನೀಲಿ ಗ್ರಹ: ಅಳತೆ ಮತ್ತು ಕಲ್ಪನೆ

ಕಾಣದುದನ್ನು ಕಲ್ಪಿಸಿಕೊಳ್ಳುವುದು ಮಾನವನ ಸಹಜ ಶಕ್ತಿ. ಕಲ್ಪಿಸಿದುದನ್ನು ಅಳತೆಗೆ ಒಡ್ಡಿ ಪರೀಕ್ಷಿಸುವುದು ಅವನು ಶ್ರಮದಿಂದ ಗಳಿಸಿದ ಶಕ್ತಿ. ಇವೆರಡರ ಸಂಬಂಧವನ್ನು ವಿದ್ಯಾರ್ಥಿಗಳಿಗೆ ಮನಗಾಣಿಸಲು ಸೌರವ್ಯೂಹದಾಚೆಯ ಗ್ರಹವೊಂದು ಉತ್ತಮ ನಿದರ್ಶನವಾಗಿದೆ. ಖಗೋಳಜ್ಞರು ಅದನ್ನು ಎಚ್‌ಡಿ 189733 ಬಿ ಎಂದು ಗುರುತಿಸುತ್ತಾರೆ. 2005ರಲ್ಲಿ ಪತ್ತೆಯಾದ ಈ ಗ್ರಹ ಭೂಮಿಯಿಂದ ಸುಮಾರು 64 ಜ್ಯೋತಿರ್ವರ್ಷಗಳ ದೂರದಲ್ಲಿದೆ.

ಅಳತೆಯಿಂದ ತಿಳಿದದ್ದು

ಈ ಗ್ರಹವನ್ನು ಪ್ರತ್ಯೇಕ ಬಿಂಬವಾಗಿ ಯಾರೂ ಕಂಡಿಲ್ಲ. ಅದು ತನ್ನ ನಕ್ಷತ್ರದ ಮುಂದೆ ಹಾಯುವಾಗ ನಕ್ಷತ್ರದ ಬೆಳಕು ಶೇಕಡ ಎರಡಕ್ಕಿಂತ ತುಸು ಹೆಚ್ಚು ಕುಂದುತ್ತದೆ. ಈ ಕುಂದಿನಿಂದ ಗ್ರಹದ ಗಾತ್ರವೂ, ಗ್ರಹದ ಸೆಳೆತಕ್ಕೆ ನಕ್ಷತ್ರವು ಓಲಾಡುವ ವೇಗದಿಂದ ಗ್ರಹದ ದ್ರವ್ಯರಾಶಿಯೂ ದೊರೆತಿವೆ. ಇವೆರಡೂ ಗುರುಗ್ರಹಕ್ಕಿಂತ ಸ್ವಲ್ಪ ಹೆಚ್ಚು. ನಕ್ಷತ್ರದಿಂದ ಅದರ ದೂರ ಭೂಮಿ–ಸೂರ್ಯರ ಅಂತರದ ಸುಮಾರು ಮೂವತ್ತರಲ್ಲೊಂದು ಅಂಶ. ಅದರ ಒಂದು ವರ್ಷವೆಂದರೆ ನಮ್ಮ 53 ಗಂಟೆ ಮಾತ್ರ.

2013ರಲ್ಲಿ ಹಬಲ್ ದೂರದರ್ಶಕದ ವೀಕ್ಷಣೆಯಿಂದ ಗ್ರಹದ ಬಣ್ಣವೂ ತಿಳಿಯಿತು. ಗ್ರಹವು ನಕ್ಷತ್ರದ ಹಿಂದೆ ಮರೆಯಾದಾಗ ಒಟ್ಟು ಬೆಳಕಿನಲ್ಲಿ ನೀಲಿಯ ಪಾಲು ಇಳಿಯಿತು. ಹಸಿರಿನ ಪಾಲು ಇಳಿಯಲಿಲ್ಲ. ಹಾಗಾದರೆ ಮರೆಯಾದ ಗ್ರಹವು ಪ್ರತಿಫಲಿಸುತ್ತಿದ್ದುದು ನೀಲಿ ಬೆಳಕನ್ನೇ!

ಕಲ್ಪನೆಯ ಚಿತ್ರ

ನೀಲಿ ಎಂದೊಡನೆ ಮನಸ್ಸಿಗೆ ಕಡಲು ಬರುತ್ತದೆ. ಅಲೆಗಳು, ತಂಗಾಳಿ, ದಡದಲ್ಲಿ ಹಸಿರು ತೋಪು – ಬಾಲಕನೊಬ್ಬ ಹೀಗೆ ಬರೆದರೆ ಅದು ತಪ್ಪೆನ್ನಲಾಗದು. ಆದರೆ ಅಳತೆ ಅದನ್ನು ಒಪ್ಪುವುದಿಲ್ಲ. ಆ ಗ್ರಹದ ತಾಪಮಾನ ಸುಮಾರು 900 ಸೆಲ್ಸಿಯಸ್ ಡಿಗ್ರಿ. ಅಲ್ಲಿ ನೀರು ಆವಿಯಾಗಿ ಮಾತ್ರ ಇರಬಲ್ಲುದು. ನಿಲ್ಲಲು ನೆಲವೇ ಇಲ್ಲ, ಎಲ್ಲವೂ ಅನಿಲ.

ಈಗ ಅದೇ ಬಾಲಕ ಅಳತೆಗಳನ್ನು ಮುಂದಿಟ್ಟುಕೊಂಡು ಮತ್ತೆ ಕಲ್ಪಿಸಲಿ. ಆಗಸದಲ್ಲಿ ನಮ್ಮ ಸೂರ್ಯನ ಇಪ್ಪತ್ತೈದು ಪಟ್ಟು ಅಗಲದ ಕಿತ್ತಳೆ ಬಿಂಬವೊಂದು ತೂಗುತ್ತಿದೆ. ಗ್ರಹವು ಒಂದೇ ಮುಖವನ್ನು ನಕ್ಷತ್ರದತ್ತ ತಿರುಗಿಸಿಕೊಂಡಿರುವುದರಿಂದ ಆ ಬಿಂಬಕ್ಕೆ ಉದಯವಿಲ್ಲ, ಅಸ್ತಮಾನವಿಲ್ಲ. ಗಂಟೆಗೆ ಎಂಟು ಸಾವಿರ ಕಿಲೋಮೀಟರಿಗೂ ಮಿಕ್ಕ ಗಾಳಿಯಲ್ಲಿ ಗಾಜಿನ ಕಣಗಳು ಮಳೆಯಂತೆ ಅಡ್ಡಡ್ಡವಾಗಿ ಹಾರುತ್ತಿವೆ. ಮೊದಲ ಚಿತ್ರಕ್ಕಿಂತ ಇದು ಎಷ್ಟು ಬೆರಗಿನದು!

ಉಪಾಧ್ಯಾಯರ ಹೊಣೆ

ಇಲ್ಲಿಯೂ ಎಚ್ಚರ ಬೇಕು. ಗಾಳಿಯ ವೇಗವನ್ನು ನಕ್ಷತ್ರದ ಬೆಳಕಿನ ರೋಹಿತದಿಂದ ಅಳೆಯಲಾಗಿದೆ. ಗಾಜಿನ ಮಳೆಯನ್ನಾದರೋ ಯಾರೂ ಅಳೆದಿಲ್ಲ. ವಾಯುಮಂಡಲದ ಮಬ್ಬಿನಲ್ಲಿರುವ ಸಿಲಿಕೇಟ್ ಕಣಗಳು ನೀಲಿ ಬೆಳಕನ್ನು ಚದುರಿಸುತ್ತಿರಬೇಕೆಂಬ ವಿವರಣೆಯಿಂದ ಹೊರಟ ಊಹೆ ಅದು. ಊಹೆ ಸಕಾರಣವಾಗಿದ್ದರೂ ಅಳತೆಯಾಗದು. ಪುಸ್ತಕದಲ್ಲಿ ಮೂರೂ ಒಂದೇ ಸಾಲಿನಲ್ಲಿ, ಒಂದೇ ಧ್ವನಿಯಲ್ಲಿ ಬಂದಾಗ ಎಳೆಯ ಮನಸ್ಸು ಅವನ್ನು ಬೇರ್ಪಡಿಸಲಾರದು.

ಆದುದರಿಂದ ತರಗತಿಯಲ್ಲಿ ಇಂಥ ವರ್ಣನೆಯನ್ನು ಓದಿಸಿದ ಮೇಲೆ, ಪ್ರತಿ ವಾಕ್ಯದ ಪಕ್ಕದಲ್ಲಿ ‘ಅಳತೆ’, ‘ಊಹೆ’, ‘ಕಲ್ಪನೆ’ ಎಂದು ಗುರುತು ಹಾಕಿಸುವುದು ಒಳಿತು. ಕಲ್ಪನೆಯನ್ನು ಅಳಿಸುವ ಅಗತ್ಯವಿಲ್ಲ. ಅದಕ್ಕೆ ಅದರ ಹೆಸರನ್ನು ಕೊಟ್ಟರೆ ಸಾಕು. ‘ಇದು ಹೇಗೆ ತಿಳಿಯಿತು?’ ಎಂದು ಕೇಳುವ ಅಭ್ಯಾಸ ಬಲಿತ ವಿದ್ಯಾರ್ಥಿ ನಕ್ಷತ್ರಗಳ ವಿಷಯದಲ್ಲಿ ಮಾತ್ರವಲ್ಲ, ನೆಲದ ಮೇಲಿನ ಮಾತುಗಳ ವಿಷಯದಲ್ಲಿಯೂ ಸುಲಭವಾಗಿ ಮೋಸಹೋಗಲಾರನು.