ಮೊದಲು ವಂಕಿ, ಆಮೇಲೆ ಮಾತ್ರೆ

ಕಾಪರ್-ಟಿ, ನಮ್ಮ ಕಡೆಯ ಮಾತಿನಲ್ಲಿ ವಂಕಿ, ಹಾಕಿಸಿಕೊಂಡವಳ ಮುಟ್ಟು ನಿಂತರೆ ಅದನ್ನು ಬಸಿರು ಎಂದು ಯಾರೂ ಒಪ್ಪುವುದಿಲ್ಲ. ರಕ್ತ ಕಡಿಮೆಯಾಗಿರಬೇಕು, ಥೈರಾಯ್ಡ್ ಇರಬೇಕು, ಶಾಲೆಯ ಪರೀಕ್ಷೆ ಕೆಲಸದ ಟೆನ್ಷನ್ ಇರಬೇಕು ಎಂದು ಒಬ್ಬೊಬ್ಬರು ಒಂದೊಂದು ಕಾರಣ ಕೊಟ್ಟರು. ಮೆಡಿಕಲ್ ಶಾಪಿನಿಂದ ತಂದ ಕಿಟ್‌ನಲ್ಲಿ ಎರಡು ಗೆರೆ ಮೂಡಿದ ಮೇಲೂ ನಮ್ಮ ಅತ್ತೆ, "ವಂಕಿ ಇದ್ದರೂ ಹೆಂಗ ನಿಲ್ಲತೈತಿ? ಆ ಕಡ್ಡೀನ ಸುಳ್ಳು ಹೇಳತಿರಬೇಕು" ಎಂದರು. ಅವರು ಮದುವೆಯಾಗಿ ಬಂದ ಕಾಲಕ್ಕೆ ಇದ್ದದ್ದು ಲೂಪ್, 1965ರಿಂದ ಸರ್ಕಾರ ದೇಶದ ತುಂಬ ಹಾಕಿಸಿದ ಪ್ಲಾಸ್ಟಿಕ್ಕಿನದು. ಅದರ ಬಗ್ಗೆ ಅವರ ಬಳಿ ಬೇಕಾದಷ್ಟು ಕಥೆಗಳಿವೆ, ಆದರೆ ಬಸಿರಾದವರ ಕಥೆ ಮಾತ್ರ ಒಂದೂ ಇರಲಿಲ್ಲ.

ಕಾಪರ್-ಟಿ ಇರುವ ನೂರು ಹೆಂಗಸರಲ್ಲಿ ಮೊದಲ ವರ್ಷ ಬಸಿರಾಗುವವರು ಪೂರ್ತಿ ಒಬ್ಬರೂ ಅಲ್ಲ ಎನ್ನುತ್ತದೆ ವೈದ್ಯಶಾಸ್ತ್ರದ ಲೆಕ್ಕ. ಲೆಕ್ಕ ಸರಿಯೇ ಇದೆ. ಆ ಒಬ್ಬರೂ ಅಲ್ಲದವರ ಪಾಲಿಗೆ ನಾನು ಬಂದಿದ್ದೆ, ಅಷ್ಟೇ.

ಮೂರನೆಯ ಮಗು ಬೇಡ ಎನ್ನುವುದರಲ್ಲಿ ನನಗೂ ಇವರಿಗೂ ಎರಡು ಮಾತಿರಲಿಲ್ಲ. ಬೇಡವೆಂದೇ ಅಲ್ಲವೇ ಅದನ್ನು ಹಾಕಿಸಿಕೊಂಡಿದ್ದು? ಆ ತೀರ್ಮಾನಕ್ಕೆ ಸಮಜಾಯಿಷಿ ಬರೆಯಲು ನಾನು ಇಲ್ಲಿ ಕೂತಿಲ್ಲ. ತೀರ್ಮಾನವಾದ ಮೇಲೆ ಏನು ಯಾವುದರ ಹಿಂದೆ ಬರಬೇಕು ಎನ್ನುವುದು ನಮ್ಮ ಕಡೆ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಬರೆಯಬೇಕು ಅನ್ನಿಸಿದ್ದು ಅದಕ್ಕೆ.

ಇವರ ಗೆಳೆಯರೊಬ್ಬರು ಫೋನಿನಲ್ಲೇ ದಾರಿ ಹೇಳಿಕೊಟ್ಟರು. "ಐದು ಮಾತ್ರೆ ಕಿಟ್ ಬರತೈತಿ, ತಂದು ಕೊಟ್ಟುಬಿಡು, ಆಸ್ಪತ್ರೆ ಗಲಾಟೆ ಯಾಕ?" ಎಂದು. ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವಂತಿಲ್ಲ. ಆದರೂ ಎಲ್ಲಿ ಸಿಗುತ್ತದೆ ಎನ್ನುವುದು ಪ್ರತಿ ಊರಿನ ಗಂಡಸರಿಗೂ ಗೊತ್ತಿರುತ್ತದೆ. ಹೊಟ್ಟೆಯಲ್ಲಿ ಕಾಪರ್-ಟಿ ಇರುವವಳು ಆ ಕಿಟ್ ತಂದು ಮನೆಯಲ್ಲೇ ನುಂಗಿದರೆ ಏನಾಗಬಹುದು ಎಂಬುದು ಆ ಗೆಳೆಯರಿಗೂ ಗೊತ್ತಿರಲಿಲ್ಲ, ಬಹುಶಃ ಅಂಗಡಿಯವನಿಗೂ ಗೊತ್ತಿರುತ್ತಿರಲಿಲ್ಲ.

ನಾನು ಕಂಡ ಡಾಕ್ಟರ್ ಮೇಡಂ ಮಾತ್ರೆಯ ಸುದ್ದಿಯನ್ನೇ ಎತ್ತಲಿಲ್ಲ. "ಬಸಿರು ಎಲ್ಲಿ ಕೂತಿದೆ ಅಂತ ಮೊದಲು ನೋಡೋಣ" ಎಂದರು. ಕಾಪರ್-ಟಿ ಇದ್ದವಳಿಗೆ ಒಟ್ಟಾರೆ ಬಸಿರಾಗುವ ಸಂಭವವೇ ಕಡಿಮೆ, ಹಾಗಾಗಿ ಗರ್ಭನಾಳದಲ್ಲಿ ಬಸಿರು ನಿಲ್ಲುವ ಅಪಾಯವೂ ಏನೂ ಹಾಕಿಸದವಳಿಗಿಂತ ಕಡಿಮೆ. ಆದರೆ ಅದನ್ನೂ ಮೀರಿ ಬಸಿರಾಗಿಬಿಟ್ಟರೆ, ಅದು ಗರ್ಭಕೋಶದ ಬದಲು ನಾಳದಲ್ಲಿ ಕೂತಿರುವ ಸಾಧ್ಯತೆ ಉಳಿದವರ ಬಸಿರಿಗಿಂತ ಹೆಚ್ಚು. ಈ ಎರಡೂ ಮಾತು ಒಟ್ಟಿಗೇ ನಿಜ ಎನ್ನುವುದು ನನ್ನ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಾಳದ ಬಸಿರಿನ ಮೇಲೆ ಈ ಮಾತ್ರೆಗಳು ಕೆಲಸ ಮಾಡುವುದಿಲ್ಲ. ನುಂಗಿದವಳು ರಕ್ತ ಹೋಯಿತು, ಮುಗಿಯಿತು ಎಂದುಕೊಂಡು ಕೂತಿರುತ್ತಾಳೆ. ಒಳಗೆ ನಾಳ ಒಡೆದರೆ ಜೀವಕ್ಕೇ ಕುತ್ತು.

ಸ್ಕ್ಯಾನಿಂಗ್ ಕೋಣೆಯಲ್ಲಿ, ಭ್ರೂಣದ ಲಿಂಗ ತಿಳಿಯಲು ಬಯಸುವುದಿಲ್ಲ ಎಂದು ಸಹಿ ಹಾಕಿಸಿಕೊಂಡರು. ಏಳನೇ ವಾರದಲ್ಲಿ ದೇವರಿಗೂ ಕಾಣದ ಸಂಗತಿ ಅದು. ಆದರೂ ಕಾನೂನು ಕಾನೂನೇ; ಈ ನಾಡಿನಲ್ಲಿ ಅಂಥ ಸಹಿ ಯಾಕೆ ಬೇಕಾಯಿತು ಎಂದು ಗೊತ್ತಿದ್ದವರು ನಗುವುದಿಲ್ಲ. ಸ್ಕ್ಯಾನ್‌ನಲ್ಲಿ ಕಂಡದ್ದು ಇಷ್ಟು: ಬಸಿರು ಗರ್ಭಕೋಶದಲ್ಲೇ ಇತ್ತು, ಕಾಪರ್-ಟಿ ಮಾತ್ರ ತನ್ನ ಜಾಗದಿಂದ ಜಾರಿ ಗರ್ಭಕೊರಳಿಗೆ ಇಳಿದಿತ್ತು. ನನಗೆ ಅದನ್ನು ಹಾಕಿದ್ದು ಎರಡನೇ ಹೆರಿಗೆಯಾದ 48 ಗಂಟೆಯೊಳಗೆ. ಆಗ ಹಾಕಿದ್ದು ಜಾರುವುದು ತುಸು ಹೆಚ್ಚಂತೆ. ಹಾಗೆಂದು ಅದು ಕೆಟ್ಟ ಪದ್ಧತಿಯಲ್ಲ. ಹೆರಿಗೆಗೆ ಬಂದವಳು ಮತ್ತೆ ಆಸ್ಪತ್ರೆಗೆ ಬರುತ್ತಾಳೋ ಇಲ್ಲವೋ ಎನ್ನುವ ನಮ್ಮಂಥ ಕಡೆ ಅದೇ ಒಳ್ಳೆಯದು, ನಡುನಡುವೆ ತೋರಿಸಿಕೊಳ್ಳುತ್ತಿರಬೇಕು ಅಷ್ಟೇ.

ಇನ್ನು ವಂಕಿಯನ್ನು ಮೊದಲೇ ಯಾಕೆ ತೆಗೆಯಬೇಕು? ಮಾತ್ರೆಯ ಜೊತೆ ಅದೂ ಹೊರಬರುವುದಿಲ್ಲವೇ? ನಾನು ಹೀಗೇ ಕೇಳಿದೆ. ಮೇಡಂ ಹೇಳಿದ್ದರ ಸಾರ: ಎರಡನೇ ಸುತ್ತಿನ ಮಾತ್ರೆ ಗರ್ಭಕೋಶವನ್ನು ಬಲವಾಗಿ ಹಿಂಡಿಸುತ್ತದೆ, ಹಾಗೆ ಹಿಂಡುವಾಗ ಒಳಗೆ ಗಟ್ಟಿ ವಸ್ತು ಇರಬಾರದು. ಅದು ಬಂದರೂ ಬರಬಹುದು, ಒಳಗೇ ಉಳಿದರೂ ಉಳಿಯಬಹುದು. ಉಳಿದರೆ ಸೋಂಕಿನ ಭಯ. ಮಾತ್ರೆಯ ಡಬ್ಬಿಯೊಳಗಿನ ಚೀಟಿಯಲ್ಲೂ ವಂಕಿ ಇದ್ದರೆ ಕೊಡಬಾರದೆಂದೇ ಇರುತ್ತದೆ. ಆಮೇಲೆ ನಾನು ಓದಿ ತಿಳಿದದ್ದು ಇನ್ನೊಂದಿದೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಡಾಲ್ಕನ್ ಶೀಲ್ಡ್ ಎಂಬ ವಂಕಿ ಒಳಗಿರುವಾಗಲೇ ಬಸಿರಾದ ಕೆಲವು ಹೆಂಗಸರು ಗರ್ಭಕೋಶಕ್ಕೆ ನಂಜೇರಿ ಸತ್ತರು. 1974ರಲ್ಲಿ ಅಲ್ಲಿ ಅದರ ಮಾರಾಟ ನಿಂತಿತು. ಅದರ ದಾರದ ಹೆಣಿಗೆಯೇ ಬೇರೆ, ಈಗಿನ ಕಾಪರ್-ಟಿಗೆ ಅದನ್ನು ಹೋಲಿಸುವಂತಿಲ್ಲ. ಆದರೂ ಬಸಿರೂ ವಂಕಿಯೂ ಒಂದೇ ಕೋಣೆಯಲ್ಲಿ ಇರುವುದನ್ನು ವೈದ್ಯರು ಅಂದಿನಿಂದ ಹಗುರವಾಗಿ ನೋಡುವುದಿಲ್ಲ. ಬಸಿರನ್ನು ಉಳಿಸಿಕೊಳ್ಳುತ್ತೇನೆ ಎನ್ನುವವಳಿಗೂ ದಾರ ಕಂಡರೆ ಆದಷ್ಟು ಬೇಗ ತೆಗೆಸಿಕೊಳ್ಳಿ ಎಂದೇ ಹೇಳುತ್ತಾರೆ. ತೆಗೆಯುವಾಗ ಗರ್ಭ ಹೋಗುವ ಭಯ ಇದ್ದೇ ಇದೆ, ಬಿಟ್ಟರೆ ಅದಕ್ಕಿಂತ ಹೆಚ್ಚು.

ತೆಗೆಯುವ ಕೆಲಸಕ್ಕೆ ಹಿಡಿದದ್ದು ಕೆಲವೇ ನಿಮಿಷ. ಅದಕ್ಕೆ ಮುಂಚಿನ ಕಾಗದಪತ್ರಕ್ಕೆ ಮಾತ್ರ ಅರ್ಧ ದಿನ ಹೋಯಿತು. ಅಲ್ಲಿನ ಕೌಂಟರಿನ ಹುಡುಗಿ "ಯಜಮಾನ್ರ ಸಹಿ ಬೇಕು" ಎಂದು ಪಟ್ಟು ಹಿಡಿದಳು. ಇವರು ಕೆಲಸದ ಮೇಲೆ ಹೊರಗೂರಿಗೆ ಹೋಗಿದ್ದರು. ಹದಿನೆಂಟು ತುಂಬಿದ ಹೆಂಗಸಿಗೆ ಅವಳದೊಂದೇ ಒಪ್ಪಿಗೆ ಸಾಕು ಎಂದು 1971ರ ಕಾಯಿದೆಯೇ ಹೇಳುತ್ತದೆ. ಸಹಿ ಹಾಕಬೇಕಾದ ಫಾರಂ ಸಿಯಲ್ಲಿ ಗಂಡನ ಸಹಿಗೆ ಜಾಗವೂ ಇಲ್ಲ. ಗರ್ಭನಿರೋಧಕ ಕೈಕೊಟ್ಟು ನಿಂತ ಬಸಿರನ್ನು ತೆಗೆಸಲು ಮೊದಲು ವಿವಾಹಿತೆಗೆ ಮಾತ್ರ ಅವಕಾಶವಿತ್ತು, 2021ರ ತಿದ್ದುಪಡಿಯ ನಂತರ ಮದುವೆಯ ಪ್ರಶ್ನೆಯೂ ಇಲ್ಲ. ಇಷ್ಟನ್ನೆಲ್ಲ ಆ ಹುಡುಗಿಗೆ ಹೇಳುವ ಹೊತ್ತಿಗೆ ಒಳಗಿನಿಂದ ಇನ್ನೊಬ್ಬರು ಬಂದು, ಹಾಲ್ ತುಂಬ ಕೂತಿದ್ದ ಜನರ ನಡುವೆ "ಅಬಾರ್ಷನ್ ಪೇಷಂಟ್ ಯಾರು?" ಎಂದು ಕೂಗಿದರು. ನಮ್ಮ ಶಾಲೆಯ ಹುಡುಗನೊಬ್ಬನ ತಾಯಿ ಎದುರಿನ ಬೆಂಚಿನಲ್ಲೇ ಇದ್ದರು. ಗರ್ಭಪಾತ ಮಾಡಿಸಿಕೊಂಡವಳ ಹೆಸರು ಬಯಲು ಮಾಡಿದರೆ ಒಂದು ವರ್ಷದವರೆಗೆ ಜೈಲು ಆಗಬಹುದು ಎಂದು ಅದೇ ತಿದ್ದುಪಡಿಯಲ್ಲಿ ಬರೆದಿದೆ. ಕೂಗಿದವರಿಗೆ ಅದು ಗೊತ್ತಿರಲಿಕ್ಕಿಲ್ಲ. ನಾನು ಎದ್ದು ನಿಂತು "ನಾನೇ" ಎಂದೆ. ಆ ತಾಯಿ ಮೊಬೈಲ್ ನೋಡುತ್ತ ಕೂತರು. ಇವತ್ತಿಗೂ ಎದುರಾದಾಗ ಮಗನ ಮಾರ್ಕ್ಸ್ ಬಿಟ್ಟು ಬೇರೇನೂ ಕೇಳಿಲ್ಲ. ಅವರ ಮೇಲೆ ನನಗೆ ದೊಡ್ಡ ಗೌರವ.

ಮೇಜಿನ ಮೇಲೆ ಮಲಗಿಸಿ, ಲೈಟ್ ಹಾಕಿ ನೋಡಿದಾಗ ದಾರ ಹೊರಗೆ ಕಾಣಲಿಲ್ಲ. ಹೆರಿಗೆಯ ಹೊತ್ತಿಗೆ ಹಾಕಿದವರಲ್ಲಿ ಹೀಗೆ ದಾರ ಒಳಗೇ ಮಡಚಿಕೊಂಡಿರುವುದು ಉಂಟು. ಬಸಿರಿನಿಂದ ಗರ್ಭಕೋಶ ಬೆಳೆದಾಗಲೂ ದಾರ ಮೇಲಕ್ಕೆ ಎಳೆದುಕೊಳ್ಳುತ್ತದೆ. ಆಗ ಅಂದಾಜಿನ ಮೇಲೆ ಒಳಗೆಲ್ಲ ಕೆದಕುವಂತಿಲ್ಲ. ಸಿಗದೇ ಹೋದರೆ ಮಾತ್ರೆಯ ಯೋಚನೆ ಬಿಟ್ಟು, ಹೀರಿ ತೆಗೆಯುವ ವಿಧಾನದಲ್ಲಿ ಬಸಿರನ್ನೂ ವಂಕಿಯನ್ನೂ ಒಂದೇ ಸಲಕ್ಕೆ ತೆಗೆಯೋಣ ಎಂದು ಮೇಡಂ ಮೊದಲೇ ಹೇಳಿದ್ದರು. ನನ್ನದು ಕೊರಳಿಗೇ ಇಳಿದಿದ್ದರಿಂದ ಸಣ್ಣ ಚಿಮಟಕ್ಕೆ ದಾರ ಸಿಕ್ಕಿತು. "ಒಮ್ಮೆ ಕೆಮ್ಮಿ" ಎಂದರು. ಕೆಮ್ಮಿದೆ, ಮುಟ್ಟಿನ ಮೊದಲ ದಿನದಂಥ ಒಂದು ಹಿಂಡು, ಮುಗಿದಿತ್ತು. ಟ್ರೇಯಲ್ಲಿಟ್ಟು ತೋರಿಸಿದರು: ಮೂರೂವರೆ ಸೆಂಟಿಮೀಟರ್ ಉದ್ದದ ಬಿಳಿ ಪ್ಲಾಸ್ಟಿಕ್ಕು, ಅದಕ್ಕೆ ಸುತ್ತಿದ ತಂತಿ ಕಪ್ಪಗಾಗಿತ್ತು. ಅದರ ಹೆಸರಿನ ಜೊತೆ ಬರುವ 380 ಎಂಬ ಅಂಕಿ ಆ ತಾಮ್ರದ ಹೊರಮೈಯ ಅಳತೆ, 380 ಚದರ ಮಿಲಿಮೀಟರ್. ತೋಳೆರಡೂ ಪೂರ್ತಿ ಇವೆಯೇ, ತುಂಡೇನಾದರೂ ಒಳಗೆ ಉಳಿದಿದೆಯೇ ಎಂದು ಮೇಡಂ ತಿರುಗಿಸಿ ನೋಡಿದರು. ತೆಗೆಸಿಕೊಂಡವರು ಅದನ್ನು ತಾವೂ ಕೇಳಿ ನೋಡಬೇಕು ಅನ್ನಿಸುತ್ತದೆ ನನಗೆ.

ತೆಗೆದ ಮೇಲೆ ಸ್ವಲ್ಪ ರಕ್ತ ಕಾಣಿಸಿತು. ಇದರಿಂದಲೇ ಬಸಿರು ಹೋಗಿಬಿಟ್ಟಿತೇನೋ, ಮಾತ್ರೆ ಯಾಕೆ ಎಂದುಕೊಳ್ಳುವವರಿರುತ್ತಾರೆ. ಹಾಗೆ ಎಣಿಸಬಾರದು. ಹಿಮೋಗ್ಲೋಬಿನ್, ರಕ್ತದ ಗುಂಪು ಎಲ್ಲ ನೋಡಿಯಾಗಿತ್ತು. 200 ಮಿಲಿಗ್ರಾಂನ ಮಿಫೆಪ್ರಿಸ್ಟೋನ್ ಒಂದನ್ನು ಅವರ ಎದುರಿಗೇ ನುಂಗಿಸಿದರು. ಉಳಿದ ನಾಲ್ಕು, 200 ಮೈಕ್ರೋಗ್ರಾಂನ ಮಿಸೊಪ್ರೊಸ್ಟಾಲ್, ಒಂದು ದಿನ ಬಿಟ್ಟು ಮಾರನೆಯ ದಿನಕ್ಕೆ. ಒಂದೊಂದು ದವಡೆಯಲ್ಲಿ ಎರಡೆರಡು ಇಟ್ಟುಕೊಂಡು ಅರ್ಧ ಗಂಟೆ ಸುಮ್ಮನಿರಬೇಕು, ಕರಗದೆ ಉಳಿದದ್ದನ್ನು ನೀರಿನಲ್ಲಿ ನುಂಗಬೇಕು. ನಮ್ಮಲ್ಲಿ ಈ ಮಾತ್ರೆಗಳಿಗೆ ಒಂಬತ್ತು ವಾರದ ಮಿತಿ ಇದೆ.

ಆ ದಿನದ ನೋವನ್ನು ಹಗುರ ಮಾಡಿ ಹೇಳುವವರನ್ನು ನಂಬಬೇಡಿ. ನಡುಗು ಬಂತು, ಭೇದಿಯಾಯಿತು, ಮೈ ಬಿಸಿಯಾಯಿತು, ಕೆಲವು ಗಂಟೆ ಮುಟ್ಟಿಗಿಂತ ಬಹಳ ಜೋರಾಗಿ ಗಡ್ಡೆಗಡ್ಡೆಯಾಗಿ ರಕ್ತ ಹೋಯಿತು. ನೋವಿನ ಮಾತ್ರೆಯನ್ನು ತಡೆದುಕೊಳ್ಳಲಾಗದಾಗ ಅಲ್ಲ, ಮುಂಚೆಯೇ ತೆಗೆದುಕೊಳ್ಳಿ ಎಂದಿದ್ದರು, ಹಾಗೇ ಮಾಡಿದ್ದು ಒಳ್ಳೆಯದಾಯಿತು. ಗಂಟೆಗೆ ಎರಡು ಪ್ಯಾಡ್‌ನಂತೆ ಸತತ ಎರಡು ಗಂಟೆ ನೆನೆದರೆ, ಮಾರನೆಯ ದಿನವೂ ಜ್ವರ ಉಳಿದರೆ, ವಾಸನೆಯ ಸ್ರಾವ ಕಂಡರೆ, ತಲೆ ಸುತ್ತಿ ಬಿದ್ದರೆ ರಾತ್ರಿಯೆನ್ನದೆ ಬರಬೇಕು ಎಂದು ಬರೆದುಕೊಟ್ಟಿದ್ದ ಚೀಟಿಯನ್ನು ಅತ್ತೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದರು. ಕಡ್ಡಿಯನ್ನು ನಂಬದವರು ಚೀಟಿಯನ್ನು ನಂಬಿದ್ದರು. ಸೋರೆಕಾಯಿ ಸಾರು, ಬಿಸಿ ಅನ್ನ, ಪ್ಯಾಡ್ ಎಣಿಸುವುದು ಎಲ್ಲ ಅವರದೇ ಉಸ್ತುವಾರಿ.

ಹದಿನೈದನೇ ದಿನ ತೋರಿಸಲು ಹೋಗುವುದನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರಂತೆ. ಮನೆಯ ಕಿಟ್ ಮೂರ್ನಾಲ್ಕು ವಾರ ಸುಮ್ಮನೆ ಎರಡು ಗೆರೆ ತೋರಿಸುತ್ತಿರಬಹುದು, ಅದನ್ನು ನೋಡಿ ಗಾಬರಿಯಾಗಿ ಮತ್ತೊಂದು ಕಿಟ್ ನುಂಗಿದವರೂ ಇದ್ದಾರೆ ಎಂದು ಮೇಡಂ ಬೇಸರದಿಂದ ಹೇಳಿದರು. ನನಗೆ ಎಲ್ಲ ಸ್ವಚ್ಛವಾಗಿತ್ತು. ಮೂರು ತಿಂಗಳಿಗೊಮ್ಮೆಯ ಅಂತರಾ ಇಂಜೆಕ್ಷನ್, ಛಾಯಾ ಮಾತ್ರೆ, ನನ್ನ ಆಪರೇಷನ್, ಇವರ ಆಪರೇಷನ್ ಎಲ್ಲವನ್ನೂ ಮುಂದಿಟ್ಟರು. ನಾನು ಮತ್ತೆ ಕಾಪರ್-ಟಿಯನ್ನೇ ಹಾಕಿಸಿಕೊಂಡೆ. "ಮತ್ತ ಅದನ್ನಾ?" ಎಂದು ಅತ್ತೆ ಹಣೆ ಚಚ್ಚಿಕೊಂಡರು. ಗರ್ಭಕೋಶ ಮೊದಲಿನ ಗಾತ್ರಕ್ಕೆ ಬಂದ ಮೇಲೆ ಹಾಕಿದ್ದು ಅಷ್ಟು ಸುಲಭಕ್ಕೆ ಜಾರುವುದಿಲ್ಲ, ಹತ್ತು ವರ್ಷ ಬಾಳುತ್ತದೆ ಎಂದೆ. ದಾರದ ಉದ್ದ ಎಷ್ಟು ಬಿಟ್ಟಿದ್ದಾರೆಂದು ಕೇಳಿ ಕಾರ್ಡಿನಲ್ಲಿ ಬರೆಸಿಕೊಂಡೆ. ಇವರ ಆಪರೇಷನ್ ಮಾತು ಮಾತ್ರ ನವೆಂಬರಿಗೆ ಮುಂದೂಡಿಕೆಯಾಗಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ವ್ಯಾಸೆಕ್ಟಮಿ ಪಾಕ್ಷಿಕ ನಡೆಯುವುದು ಆಗ, "ನೋಡೋಣ" ಎಂದಿದ್ದಾರೆ.